ಲಿವರ್‌ಪೂಲಿನ ಹತ್ತಿ, ಮುಂಬಯಿಯ ಷೇರು: 1865ರ ಕುಸಿತದ ಮರುವಿಚಾರ

ಮುಂಬಯಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಜಾಬಾಯಿ ಗೋಪುರವನ್ನು ಕುರಿತು ಒಂದು ಐತಿಹ್ಯ ಪ್ರಸಿದ್ಧವಾಗಿದೆ. ದೃಷ್ಟಿ ಮಂದವಾಗಿದ್ದ ರಾಜಾಬಾಯಿಯವರು ಸೂರ್ಯಾಸ್ತದ ಅನಂತರ ಆಹಾರ ಸ್ವೀಕರಿಸದ ಜೈನ ನಿಯಮವನ್ನು ಪರರ ನೆರವಿಲ್ಲದೆ ಪಾಲಿಸುವಂತಾಗಲಿ ಎಂದು, ಗಂಟೆಯ ನಾದದಿಂದ ಹೊತ್ತನ್ನು ತಿಳಿಸುವ ಈ ಗೋಪುರವನ್ನು ಅವರ ಮಗ ಪ್ರೇಮಚಂದ ರಾಯಚಂದರು ಕಟ್ಟಿಸಿದರೆಂಬುದು ಅದರ ಸಾರ. ಐತಿಹ್ಯ ಹೇಗೇ ಇರಲಿ, ಗ್ರಂಥಾಲಯಕ್ಕೆಂದೂ ಗೋಪುರಕ್ಕೆಂದೂ ಅವರು ತಲಾ ಎರಡು ಲಕ್ಷ ರೂಪಾಯಿಗಳನ್ನು ಕೊಟ್ಟದ್ದು 1864ರಲ್ಲಿ. ಗೋಪುರ ಪೂರ್ಣಗೊಂಡದ್ದು 1878ರಲ್ಲಿ. ಈ ನಡುವೆ ದಾನಿಯ ಐಶ್ವರ್ಯ ಕರಗಿತ್ತು, ಅವರು ಮೆರೆದಿದ್ದ ಷೇರು ಪೇಟೆ ನೆಲಕಚ್ಚಿತ್ತು, ಸರ್ಕಾರವೇ ಪಾಲುದಾರನಾಗಿದ್ದ ಬ್ಯಾಂಕೊಂದು ಮುಚ್ಚಿಹೋಗಿತ್ತು. ಇದಕ್ಕೆಲ್ಲ ಪ್ರೇಮಚಂದರ ಲೋಭವೇ ಕಾರಣವೆಂದು ಹೇಳಿ ಮುಗಿಸುವುದು ರೂಢಿ. ಆ ರೂಢಿ ನನಗೆ ಒಪ್ಪಿಗೆಯಲ್ಲ.

ಪ್ರಕರಣದ ಮೂಲ ಅಮೆರಿಕದಲ್ಲಿದೆ. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಬರುತ್ತಿತ್ತು. 1861ರ ಏಪ್ರಿಲಿನಲ್ಲಿ ಅಂತರ್ಯುದ್ಧ ಆರಂಭವಾಗಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ದಿಗ್ಬಂಧಿಸಿದಾಗ ಲ್ಯಾಂಕಶೈರಿನ ಮಗ್ಗಗಳು ನಿಂತವು, ಲಿವರ್‌ಪೂಲಿನ ಧಾರಣೆ ಹಲವು ಪಟ್ಟು ಏರಿತು. ಅಲ್ಲಿಯವರೆಗೆ ಕೀಳೆಂದು ಮೂಗು ಮುರಿಯಲಾಗುತ್ತಿದ್ದ ಭಾರತದ ಹತ್ತಿಗೆ ಒಮ್ಮೆಲೇ ಬೇಡಿಕೆ ಬಂದಿತು.

ಈ ಬೇಡಿಕೆ ಕನ್ನಡ ನಾಡಿನ ಕಪ್ಪು ಮಣ್ಣನ್ನೂ ಮುಟ್ಟಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಬೇರೂರಿತ್ತು. ರೈತರು ಅದನ್ನು ವಿಲಾಯತಿ ಹತ್ತಿ ಎಂದೂ ನಾಡತಳಿಯನ್ನು ಜವಾರಿ ಹತ್ತಿ ಎಂದೂ ಕರೆಯುತ್ತಿದ್ದರು. ವಿಲಾಯತಿ ಹತ್ತಿಗೆ ಲಿವರ್‌ಪೂಲಿನಲ್ಲಿ ಧಾರವಾಡದ ಹೆಸರೇ ಇತ್ತು. ಅದನ್ನು ಘಟ್ಟ ಇಳಿಸಿ ಕಡಲಿಗೆ ತಲುಪಿಸುವ ಉದ್ದೇಶದಿಂದ ಕಾರವಾರದ ಬಂದರಿನ ಮೇಲೆ ಮ್ಯಾಂಚೆಸ್ಟರಿನವರ ಕಣ್ಣು ಬಿದ್ದು, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಸದಾಶಿವಗಡಕ್ಕೆ ಹತ್ತಿ ಒತ್ತುವ ಯಂತ್ರಗಳನ್ನು ಕಳುಹಿಸಿದಾಗ ಅಲ್ಲಿಂದ ಧಾರವಾಡಕ್ಕೆ ಬಂಡಿ ಹೋಗುವಂಥ ರಸ್ತೆಯೇ ಇರಲಿಲ್ಲ! ಹಣ ಬರುವ ವೇಗಕ್ಕೂ ದಾರಿ ಸಿದ್ಧವಾಗುವ ವೇಗಕ್ಕೂ ಇರುವ ಈ ಅಂತರವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಮುಂಬಯಿಯಲ್ಲಿ ಆದದ್ದೂ ಅದೇ.

ಯುದ್ಧದ ವರ್ಷಗಳಲ್ಲಿ ಮುಂಬಯಿಗೆ ವಾಡಿಕೆಯ ಗಳಿಕೆಗಿಂತ ಹೆಚ್ಚಾಗಿ ಹರಿದು ಬಂದ ಹಣ ಏಳು ಕೋಟಿ ಪೌಂಡಿಗೂ ಮಿಗಿಲೆಂದು ಅಂದಾಜು. ಇಷ್ಟು ಹಣಕ್ಕೆ ಊರಿನಲ್ಲಿ ತಕ್ಕ ಉದ್ಯಮಗಳಿರಲಿಲ್ಲ. ಹೊಲಿಗೆ ಸಾಲದ ಬಟ್ಟೆಯಂತೆ ಅದು ಕಾಗದದ ಕಂಪನಿಗಳ ಮೇಲೆ ಹರಡಿಕೊಂಡಿತು. 1865ರ ಆರಂಭಕ್ಕೆ ಮುಂಬಯಿಯಲ್ಲಿ 31 ಬ್ಯಾಂಕುಗಳೂ 16 ಹಣಕಾಸು ಸಂಸ್ಥೆಗಳೂ ಇದ್ದವು. ಕಡಲನ್ನು ತುಂಬಿ ನೆಲ ಮಾಡುವೆನೆಂದ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು ಸುಮಾರು ಹತ್ತು ಪಟ್ಟು ಬೆಲೆಗೆ ಕೈಬದಲಾಯಿತು. ಆ ನೆಲವಾದರೋ ಇನ್ನೂ ನೀರಿನಡಿಯಲ್ಲೇ ಇತ್ತು.

ವಾಯಿದೆ ವ್ಯಾಪಾರ ಈ ಬೆಂಕಿಗೆ ತುಪ್ಪವಾಯಿತು. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಮೂಲಧನ, ಬಡ್ಡಿ, ಕಾಲ ಇವುಗಳ ಲೆಕ್ಕಗಳು ಹೇರಳವಾಗಿವೆ, ಎರಡು ತಿಳಿದರೆ ಮೂರನೆಯದು ದೊರೆಯುತ್ತದೆ. ವಾಯಿದೆಯಲ್ಲಿ ಹಾಗಲ್ಲ. ಮುಂದಿನ ಒಂದು ದಿನಾಂಕದಂದು ಇಂತಿಷ್ಟು ಬೆಲೆಗೆ ಕೊಳ್ಳುವೆನೆಂದು ಇಂದು ಮಾತು ಕೊಡಬೇಕು, ಕೈಯಲ್ಲಿ ಹಣವಿರಬೇಕಾಗಿಲ್ಲ. ಆ ದಿನದ ಬೆಲೆ ಯಾವ ಸೂತ್ರಕ್ಕೂ ಸಿಗದು, ಅದು ಕಡಲಾಚೆಯ ಸುದ್ದಿಗೆ ಕಟ್ಟುಬಿದ್ದದ್ದು. ಲಿವರ್‌ಪೂಲಿನ ಧಾರಣೆಯನ್ನು ಇತರರಿಗಿಂತ ಮೊದಲು ಅರಿಯಲು ಪ್ರೇಮಚಂದರು ಹಡಗುಗಳನ್ನು ಎದುರುಗೊಳ್ಳುವ ದೋಣಿಗಳನ್ನು ಕಳುಹಿಸುತ್ತಿದ್ದರೆಂದು ಹೇಳುತ್ತಾರೆ. ಪರ್ಷಿಯಾ ಕೊಲ್ಲಿಯ ತಂತಿ ಭಾರತವನ್ನು ಯುರೋಪಿಗೆ ಜೋಡಿಸಿದ್ದು 1865ರ ಆರಂಭದಲ್ಲಷ್ಟೆ.

ಇಷ್ಟಾಗಿಯೂ, ಹೊರಗಿನ ಹಣ ಬಂದದ್ದರಿಂದಲೇ ಮುಂಬಯಿ ಕೆಟ್ಟಿತೆಂದು ನಾನು ಹೇಳಲಾರೆ. ಪ್ರವಾಹ ಬರುತ್ತಿರುವಾಗ ಒಡ್ಡನ್ನು ಒಡೆದವರು ಯಾರು ಎಂಬುದು ಮುಖ್ಯ ಪ್ರಶ್ನೆ. 1840ರಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಬಾಂಬೆ ಸಾಮಾನ್ಯ ಬ್ಯಾಂಕಲ್ಲ. ಅದರಲ್ಲಿ ಸರ್ಕಾರದ ಪಾಲಿತ್ತು, ನಿರ್ದೇಶಕರಲ್ಲಿ ಕೆಲವರು ಸರ್ಕಾರ ನೇಮಿಸಿದವರು. ಯಾವ ಭದ್ರತೆಯ ಮೇಲೆ, ಎಷ್ಟು ಅವಧಿಗೆ ಸಾಲ ಕೊಡಬಹುದೆಂಬುದಕ್ಕೆ ಅದರ ಸನದಿನಲ್ಲಿ ಕಟ್ಟುಪಾಡುಗಳಿದ್ದವು. 1863ರ ಕಾಯಿದೆ ಆ ಕಟ್ಟುಪಾಡುಗಳನ್ನು ಸಡಿಲಿಸಿ, ಕಂಪನಿಗಳ ಷೇರುಗಳನ್ನೇ ಒತ್ತೆಯಾಗಿ ಹಿಡಿದು ಸಾಲ ಕೊಡಲು ಅವಕಾಶ ಮಾಡಿತು. ಬ್ಯಾಂಕಿನ ಸಾಲದಿಂದ ಷೇರಿನ ಬೆಲೆ ಏರುವುದು, ಏರಿದ ಬೆಲೆಯ ಆಧಾರದ ಮೇಲೆ ಮತ್ತಷ್ಟು ಸಾಲ ದೊರೆಯುವುದು ಎಂಬ ಚಕ್ರ ತಿರುಗತೊಡಗಿತು. ಪ್ರೇಮಚಂದರ ಮಾತೇ ಬ್ಯಾಂಕಿನಲ್ಲಿ ನಡೆಯುತ್ತಿತ್ತು ಎಂಬುದು ನಿಜ. ಆದರೆ ದಲ್ಲಾಳಿಯೊಬ್ಬರ ಮಾತು ನಡೆಯುವಂತೆ ಬಾಗಿಲು ತೆರೆದದ್ದು ಶಾಸನ.

1865ರ ಏಪ್ರಿಲ್ 9ರಂದು ಜನರಲ್ ಲೀ ಶರಣಾದ. ಹತ್ತಿಯ ಬೆಲೆ ಬಿದ್ದಿತು, ಜುಲೈ 1ಕ್ಕೆ ತೀರಬೇಕಿದ್ದ ವಾಯಿದೆಗಳು ತೀರಲಿಲ್ಲ. ದಿವಾಳಿಗಳ ಸಂಖ್ಯೆ ಎಷ್ಟಾಯಿತೆಂದರೆ ಅವನ್ನು ಇತ್ಯರ್ಥಗೊಳಿಸಲು ಆ ವರ್ಷವೇ ಪ್ರತ್ಯೇಕ ಕಾಯಿದೆ ಬೇಕಾಯಿತು. 2,850 ರೂಪಾಯಿವರೆಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು ಕೊನೆಗೆ 87 ರೂಪಾಯಿಗೆ ಇಳಿಯಿತು. ಗಾಯ ಮಾಯುವ ಮೊದಲೇ, 1866ರ ಮೇ 10ರಂದು ಲಂಡನ್ನಿನ ಓವರೆಂಡ್ ಗರ್ನಿ ಸಂಸ್ಥೆ ಬಾಗಿಲು ಹಾಕಿತು. ಜೂನಿನಲ್ಲಿ ಭಾರತದ ವ್ಯವಹಾರದಲ್ಲಿ ಹೆಸರಾಗಿದ್ದ ಆಗ್ರಾ ಅಂಡ್ ಮಾಸ್ಟರ್‌ಮನ್ಸ್ ಬ್ಯಾಂಕ್ ಪಾವತಿ ನಿಲ್ಲಿಸಿತು. ಹೀಗೆ ಮೊದಲ ಪೆಟ್ಟು ಸರಕಿನ ದಾರಿಯಲ್ಲಿ ಬಂದರೆ ಎರಡನೆಯದು ಹಣದ ದಾರಿಯಲ್ಲಿ ಬಂದಿತು. 1868ರಲ್ಲಿ ಬ್ಯಾಂಕ್ ಆಫ್ ಬಾಂಬೆ ಮುಚ್ಚಿ, ಅದೇ ವರ್ಷ ಅದರ ಸ್ಥಾನದಲ್ಲಿ ಹೊಸ ಬ್ಯಾಂಕೊಂದು ಹುಟ್ಟಿತು. ಇದೇ ಪೇಟೆಗಳ ಏರಿಳಿತಕ್ಕೆ ಒಡ್ಡಿಕೊಂಡಿದ್ದ ಬಂಗಾಳ ಮತ್ತು ಮದ್ರಾಸಿನ ಸೋದರ ಬ್ಯಾಂಕುಗಳು ಉಳಿದುಕೊಂಡವೆಂಬುದು ಗಮನಾರ್ಹ.

ಸರ್ ಚಾರ್ಲ್ಸ್ ಜಾಕ್ಸನ್ನರ ಅಧ್ಯಕ್ಷತೆಯ ವಿಚಾರಣಾ ಆಯೋಗವೂ ಕಾರಣಗಳಲ್ಲಿ 1863ರ ಕಾಯಿದೆಯನ್ನೇ ಮೊದಲು ಹೆಸರಿಸಿತು. ಕಾರ್ಯದರ್ಶಿಗಳ ದೌರ್ಬಲ್ಯ, ನಿರ್ದೇಶಕರ ಅಲಕ್ಷ್ಯ, ಕಾಲದ ಅಸಾಧಾರಣ ಸ್ವರೂಪ ಇವೆಲ್ಲ ಅದರ ಅನಂತರ. ವಸಾಹತು ಸರ್ಕಾರದ ಆಯೋಗವೊಂದು ತನ್ನದೇ ಶಾಸನದತ್ತ ಬೆರಳು ತೋರಿಸಿದ್ದು ಅಪರೂಪ. ಜನಪ್ರಿಯ ಕಥನಗಳು ಮಾತ್ರ ಇಂದಿಗೂ ಪ್ರೇಮಚಂದರನ್ನು ಬಿಟ್ಟಿಲ್ಲ.

ಸರ್ಕಾರ ಕಲಿತ ಪಾಠ 1876ರ ಪ್ರೆಸಿಡೆನ್ಸಿ ಬ್ಯಾಂಕುಗಳ ಕಾಯಿದೆಯಲ್ಲಿ ಕಾಣುತ್ತದೆ. ಸ್ಥಿರಾಸ್ತಿಯ ಮೇಲೆ ಸಾಲ ಕೊಡುವಂತಿಲ್ಲ, ಆರು ತಿಂಗಳಿಗೆ ಮೀರಿದ ಸಾಲವಿಲ್ಲ, ವಿದೇಶಿ ವಿನಿಮಯದ ವ್ಯವಹಾರವಿಲ್ಲ, ಭಾರತದ ಹೊರಗೆ ಹಣ ಎತ್ತುವಂತಿಲ್ಲ. ಈ ಬೇಲಿಯೊಳಗೆ ಮೂರೂ ಬ್ಯಾಂಕುಗಳು ಸುರಕ್ಷಿತವಾಗಿ ಬಾಳಿ, 1921ರಲ್ಲಿ ಇಂಪೀರಿಯಲ್ ಬ್ಯಾಂಕಾಗಿ ಒಂದುಗೂಡಿ, 1955ರಲ್ಲಿ ಸ್ಟೇಟ್ ಬ್ಯಾಂಕಾದವು. ಆದರೆ ಬೇಲಿಯ ಹೊರಗಿನ ಹೊಲ ಯಾರ ಪಾಲಾಯಿತು? ಧಾರವಾಡದ ಹತ್ತಿ ಕಡಲು ದಾಟುವಾಗ ಅದರ ಹುಂಡಿಯನ್ನು ಕೊಳ್ಳುವ, ಪೌಂಡನ್ನು ರೂಪಾಯಿಯಾಗಿಸುವ ಲಾಭದಾಯಕ ಕೆಲಸ, ಲಂಡನ್ನಿನಲ್ಲಿ ಬೇರುಬಿಟ್ಟಿದ್ದ ವಿನಿಮಯ ಬ್ಯಾಂಕುಗಳ ಕೈಯಲ್ಲೇ ಮುಂದಿನ ಹಲವು ದಶಕಗಳ ಕಾಲ ಉಳಿಯಿತು.