ಡಯಾಲಿಸಿಸ್: ಮುಂಬಯಿಯ ಕುಟುಂಬಗಳು ಮೊದಲೇ ತಿಳಿದಿರಬೇಕಾದ ವಿಷಯಗಳು

ಮೂತ್ರಪಿಂಡದ ಕಾಯಿಲೆ ಸದ್ದಿಲ್ಲದೆ ಬೆಳೆಯುತ್ತದೆ. ಪ್ರತಿಯೊಂದು ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಸುಮಾರು 10 ಲಕ್ಷ ಸೂಕ್ಷ್ಮ ಘಟಕಗಳಿವೆ. ಸೋಸುವ ಶಕ್ತಿ ಅರ್ಧದಷ್ಟು ಕುಂದುವವರೆಗೂ ರಕ್ತದ ಕ್ರಿಯಾಟಿನಿನ್ ಸಹಜವಾಗಿಯೇ ಕಾಣಬಹುದು. ಆದುದರಿಂದ ಮಧುಮೇಹ ಅಥವಾ ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್ ಪರೀಕ್ಷೆಯನ್ನೂ ಮಾಡಿಸುವುದು ಅವಶ್ಯ.

ಚಿಕಿತ್ಸೆಯ ಸ್ವರೂಪ

1943ರಲ್ಲಿ ಹಾಲೆಂಡಿನ ವೈದ್ಯ ವಿಲ್ಲೆಮ್ ಕೋಲ್ಫ್ ಕೃತಕ ಮೂತ್ರಪಿಂಡವನ್ನು ರೂಪಿಸಿದರು. ಇಂದು ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ಬಾರಿ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ನಡೆಯುತ್ತದೆ. ಇದು ರೋಗವನ್ನು ಗುಣಪಡಿಸದು. ಮೂತ್ರಪಿಂಡದ ಕೆಲಸದ ಒಂದು ಪಾಲನ್ನು ಮಾತ್ರ ನಿರ್ವಹಿಸುತ್ತದೆ.

"ಒಮ್ಮೆ ಮಷಿನಿಗೆ ಹಾಕಿದರೆ ಮುಗಿಯಿತು" ಎಂಬ ಭಯದಿಂದ ನಾವು ಅನೇಕರು ವೈದ್ಯರ ಸಲಹೆಯನ್ನು ಮುಂದೂಡುತ್ತೇವೆ. ಇದರಿಂದಾಗುವ ಹಾನಿ ದೊಡ್ಡದು. ತೋಳಿನ ಅಪಧಮನಿ ಮತ್ತು ಅಭಿಧಮನಿಗಳನ್ನು ಜೋಡಿಸುವ ಫಿಸ್ಟುಲಾ ಶಸ್ತ್ರಕ್ರಿಯೆಯ ನಂತರ ಅದು ಬಳಕೆಗೆ ಸಿದ್ಧವಾಗಲು ಹಲವು ವಾರಗಳು ಬೇಕು. ತಡಮಾಡಿದವರಿಗೆ ತುರ್ತಾಗಿ ಕುತ್ತಿಗೆಯಲ್ಲಿ ನಳಿಗೆ ಇಡಬೇಕಾಗುತ್ತದೆ. ಅದರಿಂದ ಸೋಂಕಿನ ಅಪಾಯ ಹೆಚ್ಚು. ಫಿಸ್ಟುಲಾ ಇರುವ ಕೈಯಲ್ಲಿ ರಕ್ತದೊತ್ತಡ ಅಳೆಯಬಾರದು, ಚುಚ್ಚುಮದ್ದು ಕೊಡಿಸಬಾರದು.

ಮುಂಬಯಿಯಲ್ಲಿ

ಪರೇಲಿನ ಕೆ.ಇ.ಎಂ., ಸಯನ್ ಹಾಗೂ ನಾಯರ್ ಆಸ್ಪತ್ರೆಗಳಂಥ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿಯೂ, ಉಪನಗರಗಳ ಅನೇಕ ಖಾಸಗಿ ಹಾಗೂ ಧರ್ಮಾರ್ಥ ಕೇಂದ್ರಗಳಲ್ಲಿಯೂ ಈ ಚಿಕಿತ್ಸೆ ದೊರೆಯುತ್ತದೆ. ವಾರಕ್ಕೆ ಮೂರು ದಿನ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಬಳಲುವುದಕ್ಕಿಂತ ಮನೆಗೆ ಸಮೀಪದ ಕೇಂದ್ರವೇ ಲೇಸು. ಹೊಟ್ಟೆಯ ಪೊರೆಯ ಮೂಲಕ ಮನೆಯಲ್ಲಿಯೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ತಮಗೆ ಹೊಂದುವುದೇ ಎಂದು ವೈದ್ಯರನ್ನು ಕೇಳಬಹುದು. ರಾಜ್ಯದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಡಯಾಲಿಸಿಸ್ ಸೇರಿದೆ. ಆಸ್ಪತ್ರೆ ಈ ಯೋಜನೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲೇ ವಿಚಾರಿಸಿ, ರೇಷನ್ ಕಾರ್ಡ್ ಮತ್ತು ಆಧಾರ್ ಸಿದ್ಧವಿಟ್ಟುಕೊಳ್ಳಬೇಕು.

ಆಹಾರ

ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳಲ್ಲಿ ಉಪ್ಪು ಅಧಿಕ. ನಾವು ರೋಗಿಗೆ ಪ್ರೀತಿಯಿಂದ ಕೊಡುವ ಎಳನೀರು, ಬಾಳೆಹಣ್ಣುಗಳಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದು, ಡಯಾಲಿಸಿಸ್‌ನಲ್ಲಿರುವವರ ಹೃದಯಕ್ಕೆ ಅದು ಅಪಾಯಕಾರಿಯಾಗಬಲ್ಲದು. ನೀರಿನ ಪ್ರಮಾಣವನ್ನೂ ವೈದ್ಯರೇ ನಿರ್ಧರಿಸಬೇಕು.

ಕಸಿ

ಅರ್ಹ ರೋಗಿಗಳಿಗೆ ಮೂತ್ರಪಿಂಡ ಕಸಿಯೇ ಉತ್ತಮ ಮಾರ್ಗ. ಇದು 1994ರ ಕೇಂದ್ರ ಕಾಯಿದೆಯ ಪ್ರಕಾರ ನಡೆಯುತ್ತದೆ. ಅಂಗಗಳ ಮಾರಾಟ ಅಪರಾಧ. ಮರಣಾನಂತರದ ದಾನವಾಗಿ ಬಂದ ಅಂಗಗಳನ್ನು ನಗರದ ವಲಯ ಕಸಿ ಸಮನ್ವಯ ಕೇಂದ್ರವು ನಿರೀಕ್ಷಣಾ ಪಟ್ಟಿಯಂತೆ ಹಂಚುತ್ತದೆ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಮೂತ್ರಪಿಂಡ ನೀಡುವವರಲ್ಲಿ ಹೆಚ್ಚಿನವರು ತಾಯಂದಿರು, ಪತ್ನಿಯರು. ಮರಣಾನಂತರದ ದಾನ ಹೆಚ್ಚಿದಷ್ಟೂ ಅವರ ಮೇಲಿನ ಭಾರ ಇಳಿಯುತ್ತದೆ. ಆ ಕುರಿತ ಸಮ್ಮತಿಯ ಮಾತನ್ನು ಮನೆಮಂದಿ ಆರೋಗ್ಯದಿಂದಿರುವಾಗಲೇ ಆಡಿಕೊಳ್ಳುವುದು ಒಳಿತು.