ವಿಲಿಯಮ್ಸ್‌ಬರ್ಗಿನ ಸಿಂಗಾರದ ಮನೆಗಳು



ಹಬ್ಬ ಬಂದಾಗ ಮನೆಯನ್ನು ಸಿಂಗರಿಸುವುದು ಎಲ್ಲ ನಾಡಿನ ಜನರಿಗೂ ಸಹಜವಾದುದು. ಆದರೆ ಸಿಂಗರಿಸಿದ ಮನೆಯ ಬಾಗಿಲನ್ನು ಅಪರಿಚಿತರಿಗೂ ತೆರೆದಿಟ್ಟು, ಚೀಟಿ ಮಾರಿ, ಬಂದ ಹಣವನ್ನು ಊರಿನ ಸತ್ಕಾರ್ಯಗಳಿಗೆ ವಿನಿಯೋಗಿಸುವ ಪದ್ಧತಿ ಅಮೆರಿಕೆಯ ಅನೇಕ ಹಳೆಯ ಪಟ್ಟಣಗಳಲ್ಲಿ ರೂಢಿಯಾಗಿದೆ. ಅವುಗಳಲ್ಲಿ ಹೆಸರಾದುದು ವರ್ಜೀನಿಯಾ ರಾಜ್ಯದ ವಿಲಿಯಮ್ಸ್‌ಬರ್ಗ್. ಡಿಸೆಂಬರ್ ತಿಂಗಳ ಆರಂಭದಲ್ಲಿ ಅಲ್ಲಿನ ಉದ್ಯಾನ ಸಂಘದ ಮಹಿಳೆಯರು ಕೆಲವು ಮನೆಗಳನ್ನು ಆಯ್ದು ಇಂಥ ಗೃಹದರ್ಶನವನ್ನು ಏರ್ಪಡಿಸುತ್ತ ಬಂದಿದ್ದಾರೆ. ಶ್ರೀಮಠದಲ್ಲಿ ಓದಿ ಹೋದವರಲ್ಲಿಯೂ, ಭಕ್ತರ ಮಕ್ಕಳಲ್ಲಿಯೂ ಎಷ್ಟೋ ಮಂದಿ ಇಂದು ಆ ದೇಶದಲ್ಲಿ ನೆಲೆಸಿದ್ದಾರೆ. ರಜೆಯಲ್ಲಿ ಅಲ್ಲಿಗೆ ಹೋಗುವ ಅವಕಾಶ ನಿಮಗೆ ಒದಗಿದರೆ ಆ ಬಾಗಿಲುಗಳ ಚೆಲುವನ್ನು ನೋಡಿ. ಅದರೊಡನೆ ಬಾಗಿಲಿನಾಚೆಯ ಇತಿಹಾಸವನ್ನೂ ಕೇಳಿ ತಿಳಿಯಿರಿ.

ವಿಲಿಯಮ್ಸ್‌ಬರ್ಗ್ 1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿಯಾಗಿದ್ದಿತು. ಇಂಗ್ಲೆಂಡಿನ ಮೂರನೆಯ ವಿಲಿಯಂ ದೊರೆಯ ಹೆಸರು ಅದಕ್ಕೆ ಬಂದಿದೆ. ರಾಜಧಾನಿ ರಿಚ್ಮಂಡಿಗೆ ಸಾಗಿದ ಮೇಲೆ ಊರು ಸೊರಗಿತು. ಹೊಸದನ್ನು ಕಟ್ಟುವ ಶಕ್ತಿಯಿಲ್ಲದ ಊರಿನಲ್ಲಿ ಹಳೆಯದು ಉಳಿದುಕೊಳ್ಳುತ್ತದೆ. ಬಡತನವೇ ಅಲ್ಲಿ ಇತಿಹಾಸದ ಕಾವಲುಗಾರನಾಯಿತೆನ್ನಬೇಕು. ಅಲ್ಲಿನ ಬ್ರೂಟನ್ ಪ್ಯಾರಿಷ್ ಚರ್ಚಿನ ಧರ್ಮಗುರು ಗುಡ್ವಿನ್ ಎಂಬವರು ಈ ಜೀರ್ಣ ಪಟ್ಟಣವನ್ನು ಉದ್ಧರಿಸಬೇಕೆಂದು ಸಂಕಲ್ಪಿಸಿ, ಎಣ್ಣೆಯ ಉದ್ಯಮದಿಂದ ಕೋಟ್ಯಧೀಶರಾದ ಮನೆತನದ ಕಿರಿಯ ಜಾನ್ ಡಿ. ರಾಕ್‌ಫೆಲರರನ್ನು 1926ರಲ್ಲಿ ಒಪ್ಪಿಸಿದರು. ಕೊಳ್ಳುವವರು ಯಾರೆಂದು ತಿಳಿದರೆ ಬೆಲೆ ಏರೀತೆಂಬ ಎಚ್ಚರಿಕೆಯಿಂದ ರಾಕ್‌ಫೆಲರರು ತಮ್ಮ ತಂತಿಗೆ ‘ಡೇವಿಡನ ತಂದೆ’ ಎಂದು ಸಹಿ ಹಾಕಿದರು. ದಾನಿಯು ಹೆಸರನ್ನು ಮುಚ್ಚಿಟ್ಟದ್ದು ವಿನಯದಿಂದಲ್ಲ, ವ್ಯವಹಾರದಿಂದ ಎಂಬುದು ಸ್ವಾರಸ್ಯಕರ! ಹದಿನೆಂಟನೆಯ ಶತಮಾನದ 88 ಕಟ್ಟಡಗಳು ಜೀರ್ಣೋದ್ಧಾರಗೊಂಡವು. ಬಿದ್ದುಹೋಗಿದ್ದ ನೂರಾರನ್ನು ಅಡಿಪಾಯ ಅಗೆದು ಗುರುತಿಸಿ ಮತ್ತೆ ಕಟ್ಟಿದರು. ಆ ಶತಮಾನಕ್ಕೆ ಸೇರದ ನೂರಾರನ್ನು ಕೆಡವಿದರು.

ಈಗ ಸಿಂಗಾರದ ವಿಷಯಕ್ಕೆ ಬರೋಣ. ಹಸಿರು ಕೊಂಬೆಗಳನ್ನು ಬಳೆಯಂತೆ ಸುತ್ತಿ, ನಡುವೆ ಸೇಬು, ಕಿತ್ತಳೆ, ನಿಂಬೆ, ಒಣ ಬೀಜಕಾಯಿಗಳನ್ನು ಪೋಣಿಸಿ ಬಾಗಿಲಿಗೆ ತೂಗುಬಿಡುತ್ತಾರೆ. ಬಾಗಿಲವಾಡದ ಮೇಲೆ ಸೇಬುಗಳನ್ನು ಬೀಸಣಿಗೆಯ ಆಕಾರದಲ್ಲಿ ಜೋಡಿಸಿ ನಡುವೆ ಅನಾನಸ್ ನಿಲ್ಲಿಸುತ್ತಾರೆ. ಕಿಟಕಿಗೊಂದು ದೀಪ. ನೋಡಿದವರು ಇದೆಲ್ಲ ಇನ್ನೂರೈವತ್ತು ವರ್ಷಗಳ ಹಿಂದಿನ ಸಂಪ್ರದಾಯವೆಂದೇ ತಿಳಿಯುತ್ತಾರೆ. ವಾಸ್ತವವಾಗಿ ಇದು 1930ರ ದಶಕದ ಸೃಷ್ಟಿ. ಕಿಟಕಿಯ ದೀಪ ಬಾಸ್ಟನ್ ನಗರದ ರೂಢಿಯಿಂದ ಬಂದುದು. ಹಣ್ಣಿನ ಅಲಂಕಾರವನ್ನು ಬೆಳೆಸಿದವರು ಅಲ್ಲಿನ ಪುಷ್ಪವಿಭಾಗವನ್ನು ನೋಡಿಕೊಳ್ಳುತ್ತಿದ್ದ ಲೂಯಿಸ್ ಫಿಷರ್ ಎಂಬ ಮಹಿಳೆ. ಹದಿನೈದನೆಯ ಶತಮಾನದ ಇಟಲಿಯ ಶಿಲ್ಪಿ ಲೂಕಾ ಡೆಲ್ಲಾ ರೋಬಿಯಾನ ಹಣ್ಣುಹಂಪಲಿನ ಹಾರಗಳಿಂದ ಅವರು ಸ್ಫೂರ್ತಿ ಪಡೆದರು. ಹದಿನೆಂಟನೆಯ ಶತಮಾನದ ಗೃಹಿಣಿ ನಡುಚಳಿಗಾಲದಲ್ಲಿ ದುರ್ಲಭವಾದ ಹಣ್ಣನ್ನು ಬಾಗಿಲಿಗೆ ಮೊಳೆ ಹೊಡೆದು ಹಕ್ಕಿಗಳಿಗೂ ಅಳಿಲುಗಳಿಗೂ ಒಪ್ಪಿಸುತ್ತಿದ್ದಳೆ? ಆ ಕಾಲದಲ್ಲಿ ಚರ್ಚಿನಲ್ಲಿ ಹಸಿರು ಕೊಂಬೆಗಳು, ಪ್ರಾರ್ಥನೆ, ಔತಣ, ನರ್ತನ — ಕ್ರಿಸ್‌ಮಸ್ಸಿನ ಸಂಭ್ರಮವೆಂದರೆ ಇಷ್ಟೆ. ಹೊಸ ಸೃಷ್ಟಿಯೆಂಬ ಕಾರಣಕ್ಕೆ ಅದನ್ನು ನಾವು ಹಳಿಯಬೇಕಾಗಿಲ್ಲ. ಎಲ್ಲ ಸಂಪ್ರದಾಯಕ್ಕೂ ಒಂದು ಮೊದಲ ವರ್ಷವಿರುತ್ತದೆ. ಆದರೆ ಮೊದಲ ವರ್ಷ ಯಾವುದೆಂದು ತಿಳಿದಿರಬೇಕಾದದ್ದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯ.

ಆ ಊರಿನಲ್ಲಿ ಕ್ರಿಸ್‌ಮಸ್ ಮರವನ್ನು ಮೊದಲು ನಿಲ್ಲಿಸಿದುದು 1842ರಲ್ಲಿ, ಸೇಂಟ್ ಜಾರ್ಜ್ ಟಕ್ಕರ್ ಮನೆಯಲ್ಲಿ. ರಾಜಕೀಯ ಕಾರಣಗಳಿಂದ ಜರ್ಮನಿಯನ್ನು ತೊರೆದು ಬಂದು ವಿಲಿಯಂ ಮತ್ತು ಮೇರಿ ಕಾಲೇಜಿನಲ್ಲಿ ಪ್ರಾಚೀನ ಭಾಷೆಗಳ ಅಧ್ಯಾಪಕರಾಗಿದ್ದ ಚಾರ್ಲ್ಸ್ ಮಿನ್ನಿಗೆರೋಡ್ ಎಂಬವರು ತಮ್ಮ ನಾಡಿನ ಪದ್ಧತಿಯಂತೆ ಟಕ್ಕರ್ ಮನೆತನದ ಮಕ್ಕಳಿಗಾಗಿ ಅದನ್ನು ಸಿಂಗರಿಸಿದರು. ಮನೆಯ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಹಿರಿಯ ಟಕ್ಕರ್ ನ್ಯಾಯಶಾಸ್ತ್ರದಲ್ಲಿ ಪ್ರಕಾಂಡ ಪಂಡಿತರು. ಗುಲಾಮಗಿರಿಯನ್ನು ಹಂತಹಂತವಾಗಿ ತೊಲಗಿಸುವ ಯೋಜನೆಯೊಂದನ್ನು 1796ರಲ್ಲಿ ಪ್ರಬಂಧರೂಪದಲ್ಲಿ ಬರೆದು ವರ್ಜೀನಿಯಾದ ಶಾಸನಸಭೆಯ ಮುಂದಿಟ್ಟರು. ಸಭೆ ಅದನ್ನು ಲಕ್ಷಿಸಲಿಲ್ಲ. ಟಕ್ಕರರ ಸ್ವಂತ ಮನೆಯಲ್ಲಿಯೂ ಗುಲಾಮರಿದ್ದರು. ಅವರ ಮಗ ನಥಾನಿಯಲ್ ಬೆವರ್ಲಿ ಟಕ್ಕರರೋ ಗುಲಾಮಗಿರಿಯ ಪ್ರಬಲ ಸಮರ್ಥಕರಾದರು; 1842ರಲ್ಲಿ ಆ ಮನೆಯ ಯಜಮಾನರು ಇವರೇ. ತಂದೆಯ ಅರ್ಧ ವಿವೇಕವೂ ಮಗನ ಕಾಲಕ್ಕೆ ಉಳಿಯಲಿಲ್ಲ.

ಗವರ್ನರರ ಅರಮನೆಯ ಪಕ್ಕದಲ್ಲಿರುವ ರಾಬರ್ಟ್ ಕಾರ್ಟರ್ ಮನೆಯೂ ಹೀಗೆಯೇ ಮಾತನಾಡುತ್ತದೆ. ಕಾರ್ಟರ್ ಆ ಊರನ್ನು ಬಿಟ್ಟು ನೊಮಿನಿ ಹಾಲ್ ಎಂಬ ತಮ್ಮ ಜಮೀನಿನ ಮನೆಗೆ ಹಿಂದಿರುಗಿದ ಮೇಲೆ, ಮಕ್ಕಳ ಪಾಠಕ್ಕಾಗಿ ನೇಮಿಸಿಕೊಂಡ ಫಿಲಿಪ್ ಫಿಥಿಯನ್ ಎಂಬ ತರುಣ ದಿನಚರಿ ಬರೆದಿಟ್ಟಿದ್ದಾನೆ. 1773ರ ಕ್ರಿಸ್‌ಮಸ್ ಮುಂಜಾನೆ ಬಂದೂಕುಗಳ ಸದ್ದಿಗೆ ಅವನಿಗೆ ಎಚ್ಚರವಾಯಿತು. ಬೆಂಕಿ ಹೊತ್ತಿಸುವ ಹುಡುಗ ಮೊದಲಾದ ಆಳುಗಳು ಒಬ್ಬರಾದ ಮೇಲೊಬ್ಬರು ಬಂದು ಹಬ್ಬದ ಇನಾಮು ಕೇಳಿದರು. ಅವನು ಚಿಲ್ಲರೆ ಕಾಸು ಕೊಟ್ಟ. ಹಬ್ಬದ ದಿನವೂ ಅವರಿಗೆ ಬೆಂಕಿ ಹೊತ್ತಿಸುವ ಕೆಲಸ ತಪ್ಪಿರಲಿಲ್ಲ. ಆದರೆ ಇದೇ ಕಾರ್ಟರ್, ಬ್ಯಾಪ್ಟಿಸ್ಟ್ ಪಂಥವನ್ನು ಸೇರಿ, ಧರ್ಮಜಿಜ್ಞಾಸೆಯಲ್ಲಿ ಬಹುಕಾಲ ತೊಳಲಿ, 1791ರಲ್ಲಿ ತಮ್ಮ 450ಕ್ಕೂ ಹೆಚ್ಚು ಗುಲಾಮರನ್ನು ಕ್ರಮಕ್ರಮವಾಗಿ ಬಿಡುಗಡೆ ಮಾಡುವ ಪತ್ರವನ್ನು ನ್ಯಾಯಾಲಯದಲ್ಲಿ ನೋಂದಾಯಿಸಿದರು. ನೆರೆಯ ಜಮೀನುದಾರರು ಕೆರಳಿದರು. 1793ರಲ್ಲಿ ಅವರು ವರ್ಜೀನಿಯಾವನ್ನೇ ಬಿಟ್ಟು ಬಾಲ್ಟಿಮೋರಿಗೆ ಹೋದರು. ಜಾರ್ಜ್ ವಾಷಿಂಗ್ಟನ್, ಜೆಫರ್ಸನ್ ಇವರ ಹೆಸರುಗಳು ಜಗತ್ತಿಗೆಲ್ಲ ಗೊತ್ತು. ಕಾರ್ಟರರ ಹೆಸರನ್ನು ಆ ದೇಶದವರಲ್ಲಿಯೇ ಅರಿತವರು ವಿರಳ. ನಮ್ಮ ದೃಷ್ಟಿಯಲ್ಲಿ ಅವರು ಮಾಡಿದ ಕಾರ್ಯ ಯಾವ ಯುದ್ಧದ ಗೆಲುವಿಗೂ ಕಡಿಮೆಯದಲ್ಲ.

ಪೇಟನ್ ರ‍್ಯಾಂಡಾಲ್ಫ್ ಮನೆಯೂ ನೋಡತಕ್ಕದ್ದು. 1774ರಲ್ಲಿ ಕೂಡಿದ ಮೊದಲನೆಯ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಅಧ್ಯಕ್ಷರು ಇವರು. ಸ್ವಾತಂತ್ರ್ಯದ ಮಾತುಗಳು ಮೊಳಗಿದ ಆ ಮನೆಯಲ್ಲಿ 27 ಮಂದಿ ಗುಲಾಮರು ದುಡಿಯುತ್ತಿದ್ದರು. 1775ರ ನವೆಂಬರಿನಲ್ಲಿ ಬ್ರಿಟಿಷ್ ಗವರ್ನರ್ ಡನ್‌ಮೋರ್, ಬಂಡಾಯಗಾರರ ಗುಲಾಮರು ತನ್ನ ಸೈನ್ಯ ಸೇರಿದರೆ ಬಿಡುಗಡೆಯೆಂದು ಘೋಷಿಸಿದ. ಅನಂತರ ಆ ಮನೆಯಿಂದ ಓಡಿಹೋದವರಲ್ಲಿ ಈವ್ ಎಂಬ ಹೆಂಗಸೂ ಒಬ್ಬಳು. ಅವಳು ಮತ್ತೆ ಸಿಕ್ಕಿಬಿದ್ದಳು. ಅವಳ ನಡತೆ ಸರಿಯಿಲ್ಲವಾದ್ದರಿಂದ ಮಾರಬೇಕಾಯಿತೆಂದು ಒಡತಿ ತನ್ನ ಉಯಿಲಿನ ಅನುಬಂಧದಲ್ಲಿ ಬರೆಯಿಸಿದ್ದಾಳೆ. ದೇಶದ ಸ್ವಾತಂತ್ರ್ಯ ಬಯಸುವುದು ಸದ್ಗುಣ, ಸ್ವಂತ ಸ್ವಾತಂತ್ರ್ಯ ಬಯಸುವುದು ದುರ್ನಡತೆ! ಈವಳ ಪಕ್ಷದ ಮಾತು ಯಾವ ಕಾಗದದಲ್ಲಿಯೂ ಇಲ್ಲ.

ಆ ಕಾಲದಲ್ಲಿ ಊರಿನ ಜನಸಂಖ್ಯೆಯ ಅರ್ಧಕ್ಕೂ ಹೆಚ್ಚು ಮಂದಿ ಆಫ್ರಿಕನ್ ಮೂಲದವರು. ಆದರೆ ಜೀರ್ಣೋದ್ಧಾರದ ಮೊದಲ ದಶಕಗಳಲ್ಲಿ ಯಾತ್ರಿಕರಿಗೆ ಹೇಳುತ್ತಿದ್ದ ಕಥೆಯಲ್ಲಿ ಅವರು ಕಾಣುತ್ತಲೇ ಇರಲಿಲ್ಲ. ಮೇಣದಬತ್ತಿ, ಬೆಳ್ಳಿಯ ಪಾತ್ರೆ, ರೇಷ್ಮೆಯ ಉಡುಪು ಇವುಗಳ ವರ್ಣನೆಯಿತ್ತು. ಬತ್ತಿ ಹಚ್ಚಿದ, ಪಾತ್ರೆ ಉಜ್ಜಿದ ಕೈಗಳ ವಿಷಯವಿರಲಿಲ್ಲ. 1979ರಲ್ಲಿ ಕರಿಯರ ಜೀವನವನ್ನು ನಿರೂಪಿಸುವ ಪ್ರಯತ್ನ ಮೊದಲಾಯಿತು. 1994ರಲ್ಲಿ ಗುಲಾಮರ ಹರಾಜನ್ನು ಬೀದಿಯಲ್ಲಿ ಅಭಿನಯಿಸಿ ತೋರಿಸಿದಾಗ ಪ್ರತಿಭಟನೆಯೂ ನಡೆಯಿತು, ಕಣ್ಣೀರೂ ಹರಿಯಿತು.

1776ರಷ್ಟು ಹಿಂದೆಯೇ ಮೂಲವುಳ್ಳ ಕರಿಯರ ಸಭೆಯಾದ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಹಳೆಯ ಕಟ್ಟಡವನ್ನು 1950ರ ದಶಕದಲ್ಲಿ ಸಂಸ್ಥೆಯು ಕೊಂಡು ಕೆಡವಿ, ನಿವೇಶನವನ್ನು ವಾಹನಗಳ ನಿಲುಗಡೆಗೆ ಬಳಸಿತ್ತು. 2020ರಿಂದ ಅಲ್ಲಿ ಉತ್ಖನನ ನಡೆದು ಮೊದಲ ಕಟ್ಟಡದ ಅಡಿಪಾಯವೂ, ಗೋರಿಗಳೂ ಹೊರಬಂದವು. ಕರಿಯ ಮಕ್ಕಳಿಗೆ 1760ರಲ್ಲಿ ತೆರೆದ ಬ್ರೇ ಶಾಲೆಯ ಮನೆ ಕಾಲೇಜಿನ ಆವರಣದಲ್ಲಿ ಯಾರ ಗಮನಕ್ಕೂ ಬಾರದೆ ನಿಂತಿದ್ದುದು ಗುರುತಿಗೆ ಬಂದು, 2023ರಲ್ಲಿ ಅದನ್ನು ಇಡಿಯಾಗಿ ಬಂಡಿಯ ಮೇಲೇರಿಸಿ ಐತಿಹಾಸಿಕ ಪ್ರದೇಶಕ್ಕೆ ಸಾಗಿಸಿದರು. ಗೃಹದರ್ಶನಕ್ಕೆ ಹೋದವರು ಹಣ್ಣಿನ ಹಾರಗಳನ್ನು ನೋಡಿದ ಮೇಲೆ ಅಷ್ಟು ದೂರ ನಡೆದು ಆ ಚಿಕ್ಕ ಮನೆಯನ್ನೂ ನೋಡಿ ಬರಬಹುದು.