ಸೋಲಿಲ್ಲದ ಸರದಾರರ ಸೋಲುಗಳು

2008ರ ಮೇ 25ರಂದು ವಿಧಾನಸಭೆ ಚುನಾವಣೆಯ ಮತ ಎಣಿಕೆ ಮುಗಿದಾಗ ಗುಲ್ಬರ್ಗ ಜಿಲ್ಲೆಯ ರಾಜಕಾರಣ ತಲೆಕೆಳಗಾಗಿತ್ತು. ಎರಡು ವರ್ಷದ ಹಿಂದಷ್ಟೇ ಮುಖ್ಯಮಂತ್ರಿಯಾಗಿದ್ದ ಎನ್. ಧರ್ಮಸಿಂಗ್ ತಮ್ಮ ಭದ್ರಕೋಟೆ ಜೇವರ್ಗಿಯಲ್ಲಿ ನೂರು ಮತಕ್ಕೂ ಕಡಿಮೆ ಅಂತರದಲ್ಲಿ ಬಿದ್ದಿದ್ದರು. 1972ರಿಂದ ಗುರುಮಠಕಲ್ ಬಿಟ್ಟು ಕದಲದ ಮಲ್ಲಿಕಾರ್ಜುನ ಖರ್ಗೆ ಚಿತ್ತಾಪುರದಿಂದ ಗೆದ್ದು ಬಂದಿದ್ದರು. ಕಮಲಾಪುರದ ಮಾತೇ ಬೇರೆ. ಅಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಕ್ಷೇತ್ರಗಳ ಮರುವಿಂಗಡಣೆಯಲ್ಲಿ ಕಮಲಾಪುರ ಎಂಬ ಕ್ಷೇತ್ರವನ್ನೇ ಪಟ್ಟಿಯಿಂದ ತೆಗೆಯಲಾಗಿತ್ತು. ಹಿಂದಿನ ಸಲ ಅಲ್ಲಿಂದ ಶಾಸಕರಾಗಿದ್ದ ರೇವೂ ನಾಯಕ ಬೆಳಮಗಿ ‘ಗುಲ್ಬರ್ಗ ಗ್ರಾಮೀಣ’ ಎಂಬ ಹೊಸ ಹೆಸರಿನ ಕ್ಷೇತ್ರದಿಂದ ಗೆದ್ದು, ಯಡಿಯೂರಪ್ಪನವರ ಸಂಪುಟದಲ್ಲಿ ಪಶುಸಂಗೋಪನಾ ಸಚಿವರಾದರು.

ರಾಜಕಾರಣವನ್ನು ವೃತ್ತಿಯೆಂದು ಕರೆಯಲು ನಮಗೆ ಮುಜುಗರ. ಅದನ್ನು ಸೇವೆ ಎನ್ನುತ್ತೇವೆ, ಇಲ್ಲವೇ ದಂಧೆ ಎನ್ನುತ್ತೇವೆ. ಆದರೆ ಕಲಬುರಗಿಯ ಮಟ್ಟಿಗೆ ಅದು ಕಲಿತು, ಪಳಗಿ, ಹಂತಹಂತವಾಗಿ ಮೇಲೇರುವ ಕಸುಬೇ ಆಗಿತ್ತು. ಅದರ ಮೊದಲ ಮೆಟ್ಟಿಲು ಬಹುಮಟ್ಟಿಗೆ ವಕೀಲಿಕೆ. ಈ ಜಿಲ್ಲೆಯಿಂದ ರಾಜ್ಯ ಮತ್ತು ದೇಶದ ಮಟ್ಟಕ್ಕೆ ಬೆಳೆದ ಮೂವರು, ವೀರೇಂದ್ರ ಪಾಟೀಲ, ಧರ್ಮಸಿಂಗ್ ಮತ್ತು ಖರ್ಗೆ, ಮೂವರೂ ಕಾನೂನು ಓದಿದವರು. ಮೂವರ ಗೆಲುವಿನ ಕಥೆಯನ್ನೂ ಊರು ಬಲ್ಲದು. ಅವರ ಸೋಲಿನ ಕಥೆಯನ್ನು ಹೇಳುವವರು ಕಡಿಮೆ.

ವಕೀಲಿಕೆಯೇ ಏಕೆ ಎಂಬುದಕ್ಕೆ ನಿಜಾಮರ ಕಾಲಕ್ಕೆ ಹೋಗಬೇಕು. ಕಚೇರಿ, ಕೋರ್ಟು, ಕಂದಾಯ ಎಲ್ಲವೂ ಉರ್ದುವಿನಲ್ಲಿ ನಡೆಯುತ್ತಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಕನ್ನಡ ಮಾತಾಡುವ ರೈತನಿಗೂ ಸರ್ಕಾರಕ್ಕೂ ನಡುವೆ ನಿಂತವನು ವಕೀಲ. ಪಹಣಿ, ತಕರಾರು, ಸಾಲದ ದಾವೆ ಎಲ್ಲಕ್ಕೂ ಅವನೇ ಬೇಕು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೂ ಉರ್ದುವಿನಲ್ಲೇ ಇತ್ತು. ಆ ವ್ಯವಸ್ಥೆಯಲ್ಲಿ ಹಳ್ಳಿಯ ಮಾತನ್ನೂ ದಫ್ತರದ ಭಾಷೆಯನ್ನೂ ಬಲ್ಲವನು ತಾನಾಗಿಯೇ ಮುಖಂಡನಾದ. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತದಲ್ಲಿ ಸೇರಿತು, 1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ ಬಂದವು. ಎಂಟೇ ವರ್ಷದಲ್ಲಿ ದೊರೆ ಬದಲಾದ, ರಾಜಧಾನಿ ಹೈದರಾಬಾದಿನಿಂದ ಆರುನೂರು ಕಿಲೋಮೀಟರ್ ಆಚೆಯ ಬೆಂಗಳೂರಾಯಿತು, ಕಚೇರಿಯ ಭಾಷೆಯೂ ಬದಲಾಯಿತು. ಸಂಸ್ಥಾನದ ನೌಕರಿಯನ್ನೇ ನಂಬಿದವರಿಗೆ ಇದು ದೊಡ್ಡ ಪೆಟ್ಟು. ವಕೀಲರು ಮಾತ್ರ ಹೊಸ ಕೋರ್ಟಿನಲ್ಲಿ ಹೊಸ ವಕಾಲತ್ತು ಹಾಕಿದರು.

ಚಿಂಚೋಳಿಯಲ್ಲಿ 1924ರಲ್ಲಿ ಹುಟ್ಟಿದ ವೀರೇಂದ್ರ ಪಾಟೀಲರು ಈ ಬದಲಾವಣೆಯ ಅಲೆಯಲ್ಲೇ ಮೇಲೆ ಬಂದವರು. 1968ರಲ್ಲಿ ಎಸ್. ನಿಜಲಿಂಗಪ್ಪ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾಗಿ ದಿಲ್ಲಿಗೆ ಹೋದಾಗ ಅವರ ಕುರ್ಚಿಗೆ ಪಾಟೀಲರು ಬಂದರು. ಆಗ ಅವರ ವಯಸ್ಸು 44. ವಿಲೀನಗೊಂಡ ಹನ್ನೆರಡೇ ವರ್ಷದಲ್ಲಿ ಹೈದರಾಬಾದ್ ಸೀಮೆಯವರೊಬ್ಬರು ಇಡೀ ಕನ್ನಡ ರಾಜ್ಯದ ಮುಖ್ಯಮಂತ್ರಿಯಾದದ್ದು ಸಣ್ಣ ಮಾತಲ್ಲ.

ಆ ಗೆಲುವು ಮೂರು ವರ್ಷವೂ ಬಾಳಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆಯಿತು. ಪಾಟೀಲರು ತಮ್ಮನ್ನು ಬೆಳೆಸಿದ ನಿಜಲಿಂಗಪ್ಪನವರ ಜತೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. 1971ರ ಲೋಕಸಭೆ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷ ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಬಾಚಿತು. ಶಾಸಕರು ಒಬ್ಬೊಬ್ಬರಾಗಿ ಆ ಕಡೆ ಜಾರಿದರು, ಮಾರ್ಚಿನಲ್ಲಿ ಸರ್ಕಾರ ಬಿತ್ತು. ಮುಂದಿನ ವರ್ಷ ದೇವರಾಜ ಅರಸರ ಯುಗ ಆರಂಭವಾಯಿತು. ಪಾಟೀಲರು ರಾಜ್ಯಸಭೆಗೆ ಹೋದರು. ಇವರದು ಮುಗಿಯಿತು ಎಂದು ಅಂದುಕೊಳ್ಳಲು ಸಾಕಷ್ಟು ಕಾರಣಗಳಿದ್ದವು.

ಅದಕ್ಕಿಂತ ದೊಡ್ಡ ಸೋಲು ಮುಂದಿತ್ತು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಲೋಕಸಭಾ ಉಪಚುನಾವಣೆ ನಡೆಯಿತು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಕ್ಷೇತ್ರದಲ್ಲಿ ಇಂದಿರಾ ಗಾಂಧಿ ನಿಂತರು. ಎದುರಾಳಿಯಾಗಿ ಜನತಾ ಪಕ್ಷ ಕಣಕ್ಕಿಳಿಸಿದ್ದು ವೀರೇಂದ್ರ ಪಾಟೀಲರನ್ನು. ಜೋಳ, ತೊಗರಿಯ ಬಯಲಿನಿಂದ ಬಂದವರು ಕಾಫಿ ತೋಟಗಳ ನಾಡಿನಲ್ಲಿ ಮತ ಕೇಳಿದರು. ದೇಶವಿದೇಶದ ಪತ್ರಕರ್ತರು ನೆರೆದಿದ್ದ ಆ ಚುನಾವಣೆಯಲ್ಲಿ ಅವರು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು.

ಸ್ವಾರಸ್ಯವಿರುವುದು ಆಮೇಲಿನದರಲ್ಲಿ. ಜನತಾ ಪಕ್ಷ ಚೂರಾದಾಗ ಪಾಟೀಲರು ತಾವು ಎದುರಿಸಿ ಸೋತ ನಾಯಕಿಯ ಪಕ್ಷವನ್ನೇ ಸೇರಿದರು. 1980ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಗೆದ್ದರು. ಅದೇ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಪೆಟ್ರೋಲಿಯಂ, ಹಡಗು ಸಾರಿಗೆ, ಕಾರ್ಮಿಕ ಖಾತೆಗಳನ್ನು ನೋಡಿಕೊಂಡರು. ಇದನ್ನು ಅವಕಾಶವಾದ ಎಂದವರಿದ್ದರು, ಪ್ರಬುದ್ಧತೆ ಎಂದವರೂ ಇದ್ದರು. ಒಂದಂತೂ ನಿಜ: ಸೋತವನನ್ನು ಕರೆದು ಕೂರಿಸಿಕೊಂಡರೆ ಲಾಭವಿದೆ ಎಂದು ಗೆದ್ದವರಿಗೂ ಅನ್ನಿಸುವಷ್ಟು ಬೆಲೆಯನ್ನು ಅವರು ಉಳಿಸಿಕೊಂಡಿದ್ದರು. ಆಡಳಿತದ ಮೇಲಿನ ಹಿಡಿತ, ಕೈ ಶುದ್ಧವೆಂಬ ಹೆಸರು, ಕಡತ ಓದಿ ಸಹಿ ಮಾಡುವ ಅಭ್ಯಾಸ, ಇವು ಚುನಾವಣೆಯಲ್ಲಿ ಕಳೆದುಹೋಗುವ ಆಸ್ತಿಗಳಲ್ಲ.

1989ರಲ್ಲಿ ಅವರು ರಾಜ್ಯಕ್ಕೆ ಮರಳಿ ಕಾಂಗ್ರೆಸ್ಸಿಗೆ 224ರಲ್ಲಿ 178 ಸ್ಥಾನ ತಂದುಕೊಟ್ಟರು. ಹದಿನೆಂಟು ವರ್ಷದ ಬಳಿಕ ಮತ್ತೆ ಮುಖ್ಯಮಂತ್ರಿ. ಆ ಎತ್ತರದಿಂದ ಬೀಳಲು ಒಂದು ವರ್ಷವೂ ಬೇಕಾಗಲಿಲ್ಲ. 1990ರ ಅಕ್ಟೋಬರಿನಲ್ಲಿ ಕೋಮು ಗಲಭೆಗಳು, ಅದೇ ಹೊತ್ತಿಗೆ ಪಾರ್ಶ್ವವಾಯು. ಹಾಸಿಗೆ ಹಿಡಿದ ಮುಖ್ಯಮಂತ್ರಿಯನ್ನು ನೋಡಲು ಬಂದ ರಾಜೀವ್ ಗಾಂಧಿ ವಾಪಸಾಗುವಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾವಣೆಯನ್ನು ಘೋಷಿಸಿದರು. ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾದರು. ಪಾಟೀಲರು 1997ರಲ್ಲಿ ತೀರಿಕೊಂಡರು. ಆ ಘೋಷಣೆ ಪಾಟೀಲರ ಸಮುದಾಯದವರಾದ ಲಿಂಗಾಯತ ಮತದಾರರನ್ನು ಕಾಂಗ್ರೆಸ್ಸಿನಿಂದ ದೂರ ಮಾಡಿತೆಂಬ ವಿಶ್ಲೇಷಣೆ ಇಂದಿಗೂ ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ. ವ್ಯಕ್ತಿಯೊಬ್ಬರ ಪದಚ್ಯುತಿ ಒಂದು ಪಕ್ಷದ ಮೂರು ದಶಕಗಳ ಲೆಕ್ಕಾಚಾರವಾದ ಉದಾಹರಣೆ ರಾಜ್ಯದ ರಾಜಕಾರಣದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಧರ್ಮಸಿಂಗ್ ಅವರದು ಬೇರೆ ಹದ. ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ 1936ರಲ್ಲಿ ಹುಟ್ಟಿದ ಅವರು ರಜಪೂತರು. ಜಾತಿ ಲೆಕ್ಕವೇ ರಾಜಕಾರಣ ಎನ್ನುವ ನಾಡಿನಲ್ಲಿ ಅವರ ಜಾತಿಯ ಮತಗಳು ಬೆರಳೆಣಿಕೆಯವು. ಉಸ್ಮಾನಿಯಾದಲ್ಲಿ ಎಂ.ಎ., ಕಾನೂನು ಓದಿ ಬಂದು ಗುಲ್ಬರ್ಗ ನಗರಸಭೆಯಿಂದ ಶುರು ಮಾಡಿದರು. ಜೇವರ್ಗಿ ಅವರನ್ನು ಮತ್ತೆ ಮತ್ತೆ ಗೆಲ್ಲಿಸಿತು. 1980ರಲ್ಲಿ ಗುಲ್ಬರ್ಗದಿಂದ ಲೋಕಸಭೆಗೂ ಗೆದ್ದರು. ಆದರೆ ಹೊಸದಿಲ್ಲಿಯಲ್ಲಿ ವಾಜಪೇಯಿಯವರೆದುರು ಸೋತಿದ್ದ ಕೇರಳದ ಸಿ.ಎಂ. ಸ್ಟೀಫನ್ ಅವರಿಗೆ ಸಂಸತ್ತಿನಲ್ಲಿ ಜಾಗ ಬೇಕಿತ್ತು. ಹೈಕಮಾಂಡ್ ಹೇಳಿತು, ಧರ್ಮಸಿಂಗ್ ಗೆದ್ದ ಸೀಟನ್ನು ಬಿಟ್ಟುಕೊಟ್ಟರು. ಕನ್ನಡ ಬಾರದ ಅತಿಥಿಯನ್ನು ಗುಲ್ಬರ್ಗದ ಜನ ಗೆಲ್ಲಿಸಿಯೂ ಕಳಿಸಿದರು.

ಗೆದ್ದದ್ದನ್ನು ಬಿಡುವುದು ಸೋಲನ್ನು ನುಂಗುವುದಕ್ಕಿಂತ ಕಷ್ಟದ ಕೆಲಸ. ಆ ವಿಧೇಯತೆಗೆ ಫಲ ಸಿಗಲು 24 ವರ್ಷ ಹಿಡಿಯಿತು. 2004ರಲ್ಲಿ ಯಾರಿಗೂ ಬಹುಮತ ಬಾರದೆ ಕಾಂಗ್ರೆಸ್ ಮತ್ತು ಜೆಡಿಎಸ್ ಕೈ ಜೋಡಿಸಿದಾಗ, ಎರಡೂ ಕಡೆಯವರಿಗೆ ಒಪ್ಪಿಗೆಯಾದ ಹೆಸರು ಧರ್ಮಸಿಂಗ್. ಸಂಯುಕ್ತ ಸರ್ಕಾರ ಇಪ್ಪತ್ತು ತಿಂಗಳು ನಡೆದು 2006ರ ಆರಂಭದಲ್ಲಿ ಉರುಳಿತು. 2008ರಲ್ಲಿ ಜೇವರ್ಗಿಯೂ ಕೈಬಿಟ್ಟಿತು. ಅವರು ಒಂದು ವರ್ಷವನ್ನೂ ವ್ಯರ್ಥ ಮಾಡಲಿಲ್ಲ. 2009ರಲ್ಲಿ ಪಕ್ಕದ ಬೀದರಿನಿಂದ ಲೋಕಸಭೆಗೆ ಆರಿಸಿ ಹೋದರು. 2014ರಲ್ಲಿ ಅಲ್ಲೂ ಸೋತರು, 2017ರ ಜುಲೈಯಲ್ಲಿ ನಿಧನರಾದರು.

ಈ ಇಬ್ಬರಿಗೂ ಹಳ್ಳಿಯಲ್ಲಿ ಮನೆತನವಿತ್ತು, ನಗರದಲ್ಲಿ ಪರಿಚಯವಿತ್ತು. ಖರ್ಗೆಯವರಿಗೆ ಎರಡೂ ಇರಲಿಲ್ಲ. ಅವರು ಹುಟ್ಟಿದ್ದು 1942ರಲ್ಲಿ, ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ. 1948ರ ರಜಾಕಾರರ ಹಾವಳಿಯಲ್ಲಿ ಮನೆಗೆ ಬೆಂಕಿ ಬಿದ್ದು ತಾಯಿ, ತಂಗಿ ಸತ್ತರು. ಉಳಿದ ತಂದೆ, ಮಗ ಗುಲ್ಬರ್ಗಕ್ಕೆ ಬಂದರು. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಕಾಲದಲ್ಲಿ ಅವರ ಹೆಸರಿನಲ್ಲೇ ಆರಂಭವಾಗಿದ್ದ ಎಂ.ಎಸ್.ಕೆ. ಮಿಲ್ಲು ಆಗ ಊರಿನ ದೊಡ್ಡ ಕಾರ್ಖಾನೆ. ತಂದೆಗೆ ಅಲ್ಲಿ ಕೆಲಸ ಸಿಕ್ಕಿತು, ಮಗ ನೂತನ ವಿದ್ಯಾಲಯದಲ್ಲಿ, ಸರ್ಕಾರಿ ಕಾಲೇಜಿನಲ್ಲಿ, ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಲ್ಲಿ ಓದಿದ. ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಶಿವರಾಜ ಪಾಟೀಲರ ಬಳಿ ಜೂನಿಯರ್ ಆಗಿ ಪಳಗಿದ. 1969ರಲ್ಲಿ ಅದೇ ಮಿಲ್ಲಿನ ಕಾರ್ಮಿಕ ಸಂಘಕ್ಕೆ ಕಾನೂನು ಸಲಹೆಗಾರನಾದ. ಅದೇ ವರ್ಷ ನಗರ ಕಾಂಗ್ರೆಸ್ ಅಧ್ಯಕ್ಷಗಿರಿಯೂ ಬಂತು. ನೂಲು ತೆಗೆದ ತಂದೆಯ ಮಿಲ್ಲಿನಲ್ಲೇ ಮಗ ಕಾರ್ಮಿಕರ ಪರವಾಗಿ ಕಾನೂನು ಹೇಳುವಂತಾಗಲು ಇಪ್ಪತ್ತು ವರ್ಷ ಸಾಕಾಗಿತ್ತು.

1972ರಿಂದ 2008ರವರೆಗೆ ವಿಧಾನಸಭೆಗೆ ಸತತ ಒಂಬತ್ತು ಗೆಲುವು, 2009 ಮತ್ತು 2014ರಲ್ಲಿ ಲೋಕಸಭೆಗೆ ಎರಡು. ಪತ್ರಿಕೆಗಳು ‘ಸೋಲಿಲ್ಲದ ಸರದಾರ’ ಎಂದದ್ದು ಇದಕ್ಕೇ. ಆದರೆ ಆ ಬಿರುದು ಮತಪೆಟ್ಟಿಗೆಗೆ ಮಾತ್ರ ಒಪ್ಪುತ್ತದೆ. ವಿರೋಧ ಪಕ್ಷದ ನಾಯಕರಾಗಿ ದುಡಿದ ಬಳಿಕ 1999ರಲ್ಲಿ ಮುಖ್ಯಮಂತ್ರಿ ಪಟ್ಟ ಎಸ್.ಎಂ. ಕೃಷ್ಣ ಅವರಿಗೆ ಹೋಯಿತು. 2004ರಲ್ಲಿ ಗೆಳೆಯ ಧರ್ಮಸಿಂಗ್ ಅವರಿಗೆ, 2013ರಲ್ಲಿ ಸಿದ್ದರಾಮಯ್ಯ ಅವರಿಗೆ. ಪ್ರತಿ ಸಲವೂ ‘ದಲಿತ ಮುಖ್ಯಮಂತ್ರಿ’ ಎಂಬ ಚರ್ಚೆ ಎದ್ದು ಅಡಗಿತು. ಪ್ರತಿ ಸಲವೂ ಅವರು ಕೊಟ್ಟ ಖಾತೆಯನ್ನು ತೆಗೆದುಕೊಂಡು ಕೆಲಸಕ್ಕೆ ಕುಳಿತರು. ಕೃಷ್ಣ ಸರ್ಕಾರದಲ್ಲಿ ಗೃಹ ಸಚಿವರಾಗಿದ್ದಾಗಲೇ ಡಾ. ರಾಜ್‌ಕುಮಾರ್ ಅಪಹರಣದ ಬಿಸಿಯನ್ನೂ ಎದುರಿಸಿದರು. 1999ರ ಆ ನೋವನ್ನು ಅವರು ಬಹಿರಂಗವಾಗಿ ಆಡಿಕೊಂಡದ್ದು ಇಪ್ಪತ್ತೈದು ವರ್ಷ ಕಳೆದ ಮೇಲೆ, 2025ರಲ್ಲಿ. ಬಾಯಿ ಬಿಗಿಹಿಡಿಯುವುದೂ ಈ ಕಸುಬಿನ ಒಂದು ಪಟ್ಟು. ಅದರಿಂದ ಕುರ್ಚಿ ತಪ್ಪಿರಲೂಬಹುದು, ಪಕ್ಷದೊಳಗೆ ಶತ್ರುಗಳು ಕಡಿಮೆಯಾದದ್ದಂತೂ ಹೌದು.

ಮತಪೆಟ್ಟಿಗೆಯ ಮೊದಲ ಸೋಲು ಬಂದದ್ದು 2019ರ ಮೇ 23ರಂದು, 76ನೆಯ ವಯಸ್ಸಿನಲ್ಲಿ. ಗೆದ್ದವರು ಚಿಂಚೋಳಿಯ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಕಾಂಗ್ರೆಸ್ಸಿನಿಂದ ಬಿಜೆಪಿಗೆ ಹೋಗಿದ್ದ ಡಾ. ಉಮೇಶ ಜಾಧವ. ಅಂತರ 95,452. ಆ ವಯಸ್ಸಿನಲ್ಲಿ ಇದನ್ನೇ ನಿವೃತ್ತಿಯ ನೋಟಿಸು ಎಂದುಕೊಳ್ಳುವವರೇ ಹೆಚ್ಚು. ಖರ್ಗೆ ಮಹಾರಾಷ್ಟ್ರದ ಉಸ್ತುವಾರಿಯಲ್ಲಿ ಮುಂದುವರಿದರು. ಆ ವರ್ಷದ ಕೊನೆಗೆ ಅಲ್ಲಿ ಶಿವಸೇನೆ, ಎನ್‌ಸಿಪಿ, ಕಾಂಗ್ರೆಸ್ ಸೇರಿ ಸರ್ಕಾರ ಕಟ್ಟುವ ಮಾತುಕತೆಗಳಲ್ಲಿ ಅವರಿದ್ದರು. 2020ರಲ್ಲಿ ರಾಜ್ಯಸಭೆ, ಮರುವರ್ಷ ಅಲ್ಲಿನ ವಿರೋಧ ಪಕ್ಷದ ನಾಯಕತ್ವ, 2022ರ ಅಕ್ಟೋಬರಿನಲ್ಲಿ ಶಶಿ ತರೂರ್ ವಿರುದ್ಧ 7,897 ಮತ ಪಡೆದು ಎಐಸಿಸಿ ಅಧ್ಯಕ್ಷಗಿರಿ. ನಿಜಲಿಂಗಪ್ಪನವರ ಬಳಿಕ ಆ ಸ್ಥಾನಕ್ಕೇರಿದ ಕನ್ನಡಿಗ ಅವರೇ. ಹಳೆಯ ಹೈದರಾಬಾದ್ ಸೀಮೆಯವರಿಗೆ ಸಹಜವಾಗಿ ಬರುವ ಹಿಂದಿ, ಉರ್ದು, ಮರಾಠಿಗಳು ಬೆಂಗಳೂರಿಗಿಂತ ದಿಲ್ಲಿಯಲ್ಲಿ ಹೆಚ್ಚು ಕೆಲಸಕ್ಕೆ ಬಂದವು.

ಮೂವರಲ್ಲೂ ಕಾಣುವ ಒಂದು ಗುಣ, ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ಸದನದ, ಇನ್ನೊಂದು ಕ್ಷೇತ್ರದ ದಾರಿ ಹಿಡಿದದ್ದು. ಕೆಳಗಿನ ಕೋರ್ಟಿನಲ್ಲಿ ಸೋತರೆ ಮೇಲ್ಮನವಿ ಎಂಬುದು ವಕೀಲರಿಗೆ ಅಭ್ಯಾಸ. ಆದರೆ ಅದನ್ನು ಬರೀ ಛಲ ಎಂದು ಹೊಗಳುವುದು ಪೂರ್ತಿ ನಿಜವಾಗದು. ರಾಜ್ಯಸಭೆಯ ಸೀಟು, ಪಕ್ಕದ ಜಿಲ್ಲೆಯ ಟಿಕೆಟ್ಟು, ಹೈಕಮಾಂಡಿನ ವಿಶ್ವಾಸ, ಇವು ಒಂದು ಎತ್ತರಕ್ಕೆ ಏರಿದವರಿಗಷ್ಟೇ ಸಿಗುವ ಸೌಲಭ್ಯಗಳು. ಅವರನ್ನು ಆರಿಸಿದ ಸೀಮೆಗೆ ಇಂಥ ಮೇಲ್ಮನವಿಯ ಅವಕಾಶ ಬಲು ತಡವಾಗಿ ಬಂತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವು. ತೆಲಂಗಾಣ ಸೇರಿದ್ದ ಆಂಧ್ರಕ್ಕೆ 1973ರಲ್ಲೇ ಸಿಕ್ಕ ವಿಶೇಷ ಸ್ಥಾನಮಾನ, ಅದೇ ನಿಜಾಮರ ಆಳ್ವಿಕೆಯಲ್ಲಿದ್ದ ಕನ್ನಡ ಜಿಲ್ಲೆಗಳಿಗೆ ಸಿಗಲು ಮಾಜಿ ಸಚಿವ ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಬೀದಿಯಲ್ಲಿ ಕೂರಬೇಕಾಯಿತು. ಸಂವಿಧಾನದ 371-ಜೆ ವಿಧಿಗೆ ಸಂಸತ್ತು ಒಪ್ಪಿದ್ದು 2012ರ ಡಿಸೆಂಬರಿನಲ್ಲಿ. ಆಗ ಖರ್ಗೆ ಕೇಂದ್ರ ಸಚಿವರು, ಧರ್ಮಸಿಂಗ್ ಸಂಸದರು. ಹೈಕೋರ್ಟ್ ಪೀಠ ಕೂಡ ಗುಲ್ಬರ್ಗಕ್ಕೆ 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆಯಿತು. ವಕೀಲರು ಆಳಿದ ಊರಿನ ಕಕ್ಷಿದಾರರು ಅಲ್ಲಿಯವರೆಗೆ ಬೆಂಗಳೂರಿಗೆ ರಾತ್ರಿ ರೈಲು ಹತ್ತುತ್ತಿದ್ದರು.

ಕಮಲಾಪುರಕ್ಕೆ ಮೇಲ್ಮನವಿಯೂ ಇರಲಿಲ್ಲ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯ ಈ ಊರು ಕೆಂಪು ಬಾಳೆಗೆ ಹೆಸರಾದದ್ದು. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಉಳಿದ ಬಾಳೆಗಿಂತ ಹೆಚ್ಚು ತಿಂಗಳು ಹೊಲದಲ್ಲಿ ನಿಲ್ಲುವ, ಹೆಚ್ಚು ಗೊಬ್ಬರ, ಆರೈಕೆ ಬೇಡುವ ಬೆಳೆ ಅದು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕಮಲಾಪುರ ಕ್ಷೇತ್ರ ಲಂಬಾಣಿ ತಾಂಡಾಗಳ ರಾಜಕೀಯಕ್ಕೆ ಒಂದು ನೆಲೆಯಾಗಿತ್ತು. ಬೆಳಮಗಿಯವರು ಬೆಳೆದದ್ದೂ ಅದರಿಂದಲೇ. ಹೊಸ ಕ್ಷೇತ್ರದಲ್ಲಿ ಒಮ್ಮೆ ಗೆದ್ದು ಮಂತ್ರಿಯಾದ ಅವರು 2013ರಲ್ಲಿ ಕಾಂಗ್ರೆಸ್ಸಿನ ಜಿ. ರಾಮಕೃಷ್ಣ ಅವರೆದುರು ಸೋತರು. 2018ರಲ್ಲಿ ಬಿಜೆಪಿ ಬಿಟ್ಟು ಜೆಡಿಎಸ್‌ನಿಂದ ನಿಂತರೂ ದಡ ಮುಟ್ಟಲಿಲ್ಲ. ನಾಲ್ಕು ಸಲ ಶಾಸಕರಾದವರಿಗೆ ಪಕ್ಕದ ಜಿಲ್ಲೆಯಿಂದ ಯಾರೂ ಟಿಕೆಟ್ ಹಿಡಿದು ಬರಲಿಲ್ಲ.

ಊರಿಗೆ ಬೇರೆ ದಾರಿಯಲ್ಲಿ ಒಂದಿಷ್ಟು ಬಂತು. 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಗಿ ಕಮಲಾಪುರಕ್ಕೊಂದು ನಿಲ್ದಾಣವಾಯಿತು. 2018ರಲ್ಲಿ ಅದು ತಾಲ್ಲೂಕು ಕೇಂದ್ರವೂ ಆಯಿತು. ಮತ ಹಾಕುವಾಗ ಮಾತ್ರ ಅಲ್ಲಿನವರು ಇಂದಿಗೂ ಗುಲ್ಬರ್ಗ ಗ್ರಾಮೀಣದವರೇ. 2014ರಲ್ಲಿ ಗುಲ್ಬರ್ಗದ ಹೆಸರು ಕಲಬುರಗಿಯಾದರೂ ಚುನಾವಣಾ ಆಯೋಗದ ಪಟ್ಟಿಯಲ್ಲಿ ಹಳೆಯ ಹೆಸರೇ ಉಳಿದಿದೆ. 2026ರ ನಂತರದ ಮೊದಲ ಜನಗಣತಿಯ ಬಳಿಕ ಕ್ಷೇತ್ರಗಳ ಗಡಿಯನ್ನು ಮತ್ತೆ ಬರೆಯಲು ಸಂವಿಧಾನದಲ್ಲಿ ಅವಕಾಶವಿದೆ. ಕಮಲಾಪುರದ ಹೆಸರು ಪಟ್ಟಿಗೆ ವಾಪಸು ಬಂದೀತೆ, ಬಂದರೆ ಮೀಸಲಾಗಿಯೋ ಸಾಮಾನ್ಯವಾಗಿಯೋ ಎಂಬುದರ ಮೇಲೆ ಇನ್ನೂ ಚುನಾವಣೆಗೆ ನಿಲ್ಲದ ಎಷ್ಟೋ ಮಂದಿಯ ಮುಂದಿನ ದಾರಿ ನಿಂತಿದೆ.